ಹನ್ನೆರಡನೆಯ ಖಣ

ಪುಣೆಯ ಲಕ್ಷ್ಮೀ ರಸ್ತೆಯ ಒಂದು ಅಂಗಡಿಯ ಗಾಜಿನ ಹಿಂದೆ ನಮ್ಮ ಅಜ್ಜಿಯ ಕುಬಸ, ಅಂದರೆ ರವಿಕೆ, ಕಂಡಿತು. ಕುಬಸದ ಬಟ್ಟೆ ಅನ್ನಬೇಕು. ಅದೇ ಗಾಢ ನೀಲಿ, ಅದೇ ಕೆಂಪು ಅಂಚು, ಒಡಲ ತುಂಬ ಸಾಸಿವೆ ಕಾಳು ಉದುರಿಸಿದ ಹಾಗೆ ಸಣ್ಣ ಸಣ್ಣ ಹೂವು. ಆದರೆ ಇಲ್ಲಿ ಅದು ಸೋಫಾ ದಿಂಬಿನ ಕವರ್ ಆಗಿತ್ತು. ಪಕ್ಕದಲ್ಲಿ ಅದೇ ಬಟ್ಟೆಯ ಕೈಚೀಲ, ಡೈರಿಯ ಹೊದಿಕೆ, ಒಂದು ಲ್ಯಾಂಪ್‌ಶೇಡ್. ಎದುರಿಗೆ ಚೀಟಿಯಲ್ಲಿ ಮರಾಠಿಯಲ್ಲಿ 'ಖಣ' ಅಂತ ಬರೆದಿತ್ತು. ಹತ್ತಬೇಕಿದ್ದ ಬಸ್ಸು ಹೋಯಿತು. ನಾನು ಅಲ್ಲೇ ನಿಂತಿದ್ದೆ.

ನಾನು ಬೆಳೆದದ್ದು ಬಾದಾಮಿ ಕಡೆ. ಖಣ ನೇಯುವ ಗುಳೇದಗುಡ್ಡ ನಮಗೆ ಪಕ್ಕದ ಊರು. ಮದುವೆಯಾಗಿ ಪುಣೆಗೆ ಬಂದು 16 ವರ್ಷವಾಯಿತು. ಕೊಥ್ರೂಡಿನ ನಮ್ಮ ಮನೆ ದೊಡ್ಡದೇನಲ್ಲ. ಎರಡು ಕೋಣೆ, ಒಂದು ಹಾಲ್, ಪಡುವಣಕ್ಕೆ ಬಾಲ್ಕನಿ. ಮೊದಮೊದಲು ಮನೆಗೆ ಏನು ಬೇಕಾದರೂ ಮಾಲ್‌ಗೆ ಹೋಗಿ ತರುತ್ತಿದ್ದೆವು. ಬೂದು ಬಣ್ಣದ ಪರದೆ, ಬಿಳಿ ಹೂದಾನಿ, ಗೋಡೆಗೆ ಫ್ರೇಮು. ಅದರಲ್ಲಿ ಯಾವುದೂ ಕೆಟ್ಟ ಸಾಮಾನಲ್ಲ. ಆದರೆ ಎರಡು ವರ್ಷ ಕಳೆದರೆ ಎಲ್ಲಿ ತಂದೆವು, ಯಾಕೆ ತಂದೆವು ಅನ್ನುವುದೇ ಮರೆತುಹೋಗುತ್ತಿತ್ತು. ಒಡೆದರೆ ಬೇಸರವೂ ಆಗುತ್ತಿರಲಿಲ್ಲ. ಆ ಬೇಸರವಾಗದೇ ಇದ್ದದ್ದೇ ನನ್ನನ್ನು ಕಾಡಿತು. ಅಜ್ಜಿಯ ಮನೆಯಲ್ಲಿ ಒಂದು ತಂಬಿಗೆ ನೆಗ್ಗಿದರೂ ಎರಡು ದಿನ ಮಾತಾಗುತ್ತಿತ್ತು, ಯಾರ ಕೈಯಿಂದ ಬಿತ್ತು, ಯಾರ ಮದುವೆಯಲ್ಲಿ ಬಂದದ್ದು ಅಂತ.

ಆ ದಿನ ಎರಡು ದಿಂಬಿನ ಕವರ್ ಕೊಂಡೆ. ಮನೆಗೆ ತಂದು ಸೋಫಾದ ಮೇಲೆ ಇಟ್ಟೆ. ಕೋಣೆಯೇ ಬೇರೆಯಾಗಿ ಕಂಡಿತು. ಒಂದು ತಿಂಗಳಿಗೆ ಅವ್ವ ಊರಿಂದ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಸೋಫಾದ ಎದುರು ನಿಂತುಬಿಟ್ಟಳು.

"ಇದು ಉಡಿ ತುಂಬೋ ಖಣ ಅಲ್ಲೇನ? ಇದರ ಮ್ಯಾಲ ಕುಂಡ್ರತೀರೇನ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಖಣ ಅಂದರೆ ಒಂದು ಕುಬಸಕ್ಕೆ ಆಗುವಷ್ಟು ಬಟ್ಟೆ. ಹತ್ತಿ ಮತ್ತು ರೇಷ್ಮೆ ನೂಲಿನಲ್ಲಿ ನೇಯುತ್ತಾರೆ. ಪನ್ನಾ, ಅಂದರೆ ಅಗಲ, ಸಣ್ಣದು, ಎರಡೂ ಕಡೆ ಅಂಚು. ಒಡಲಿನ ಹೂವು, ಚುಕ್ಕಿ ಎಲ್ಲ ಮೇಲೆ ಅಚ್ಚು ಹಾಕಿದ್ದಲ್ಲ, ಕಸೂತಿಯೂ ಅಲ್ಲ. ಹಾಸಿನಲ್ಲಿ, ಅಂದರೆ ಉದ್ದದ ನೂಲಿನಲ್ಲಿ, ಹೆಚ್ಚಿನ ಎಳೆ ಸೇರಿಸಿ, ಮಗ್ಗದಲ್ಲೇ ಚಿತ್ರ ಎಬ್ಬಿಸುತ್ತಾರೆ. ಅದಕ್ಕೇ ಚಿತ್ರಗಳು ಸಾಲುಸಾಲಾಗಿ ಬಟ್ಟೆಯ ಉದ್ದಕ್ಕೆ ಓಡುತ್ತವೆ. ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿದರೆ ಒಂದೇ ಬಟ್ಟೆ ಎರಡು ಬಣ್ಣ ತೋರಿಸುತ್ತದೆ, ಹಾಸಿನದ್ದೊಂದು, ಅಡ್ಡ ನೂಲಾದ ಹೊಕ್ಕಿನದ್ದೊಂದು.

ಇದನ್ನು ಮುಕ್ಕೋನವಾಗಿ ಮಡಚಿ, ತೆಂಗಿನಕಾಯಿ, ಅಕ್ಕಿ, ಅರಿಶಿನ ಕುಂಕುಮದ ಜೊತೆ ಹೆಣ್ಣುಮಕ್ಕಳ ಉಡಿಗೆ ಹಾಕುತ್ತಾರೆ. ದೇವಿಗೂ ಇದೇ. ತವರಿಗೆ ಬಂದು ಹೊರಟ ಮಗಳಿಗೂ ಇದೇ. ನಮ್ಮಲ್ಲಿ ಸೀಮಂತಕ್ಕೆ ಕುಬಸ ಅಂತಲೇ ಹೆಸರು, "ಅವಳ ಕುಬಸ ಯಾವಾಗ?" ಅಂತಲೇ ಕೇಳುತ್ತಾರೆ. ಒಂದು ಬಟ್ಟೆ ಒಂದು ಕಾರ್ಯಕ್ಕೇ ತನ್ನ ಹೆಸರು ಕೊಟ್ಟಿದೆ. ಹುಟ್ಟಿದ ಕೂಸಿನ ತಲೆಗೆ ಹಾಕುವ ಕುಂಚಿಗೆಯೂ ಖಣದ್ದೇ. ಮಹಾರಾಷ್ಟ್ರದಲ್ಲೂ ಹಾಗೇ, ಖಣ ಮತ್ತು ತೆಂಗಿನಕಾಯಿಯಿಂದ ಓಟಿ ತುಂಬುತ್ತಾರೆ. ಗುಳೇದಗುಡ್ಡದ ಖಣಕ್ಕೆ ಇದು ಬಹಳ ಹಳೆಯ ಮಾರುಕಟ್ಟೆ. ಹಾಗಾಗಿ ಲಕ್ಷ್ಮೀ ರಸ್ತೆಯಲ್ಲಿ ಅದು ಕಂಡದ್ದು ಅಚ್ಚರಿಯೇನಲ್ಲ. ಅದು ದಿಂಬಾಗಿದ್ದು ಹೊಸದು.

ಅವ್ವನ ಮಾತು ಅಲ್ಲಿಗೇ ನಿಲ್ಲಲಿಲ್ಲ. ಆಕೆ ಆ ಸಲ ಇದ್ದ ಹತ್ತು ದಿನವೂ ನೆಲದ ಮೇಲೆ ಚಾಪೆ ಹಾಕಿ ಕೂತಳು. ಕೋಪ ಅಂತಲ್ಲ. ಕೂರಲು ಮನಸ್ಸಾಗಲಿಲ್ಲ ಅಷ್ಟೇ. ನಾನು ಕವರ್ ತೆಗೆದು ಕಪಾಟಿನಲ್ಲಿಟ್ಟೆ.

ಅದಾದ ಮೇಲೆ ಪೇಟೆ ಸುತ್ತುವಾಗ ನನ್ನ ಕಣ್ಣೇ ಬದಲಾಯಿತು. ಹಳೆಯ ಸಾಮಾನು ಹೊಸ ಮನೆಗೆ ಬರುವುದು ಈಗ ಪುಣೆಯ ಎಲ್ಲ ಕಡೆ ಇದೆ. ಚೆಂದ ಯಾವುದು ಅಂತ ಸುಲಭವಾಗಿ ಹೇಳಬಹುದು. ಸರಿ ಯಾವುದು ಅಂತ ಹೇಳುವುದು ಕಷ್ಟ. ನಾನು ಅದನ್ನು ಕಲಿತದ್ದು ತಾಂಬಟ್ ಆಳಿಯಲ್ಲಿ.

ಕಸಬಾ ಪೇಟೆಯ ಒಳಗೆ ಹೋದರೆ ಓಣಿ ಕಾಣುವ ಮೊದಲೇ ಸದ್ದು ಕೇಳುತ್ತದೆ. ಟಣ್ ಟಣ್ ಟಣ್. ತಾಮ್ರ ಬಡಿಯುವವರ ಓಣಿ ಅದು. ಪೇಶ್ವೆಯರ ಕಾಲದಿಂದ ಅಲ್ಲಿದ್ದಾರೆ. ಮೊದಲು ಹಂಡೆ, ಕೊಡ, ನೀರು ಕಾಯಿಸುವ ಬಂಬು, ದೊಡ್ಡ ದೊಡ್ಡ ಪಾತ್ರೆ ಮಾಡುತ್ತಿದ್ದರು. ಮನೆಮನೆಗೆ ಗೀಸರ್ ಬಂದ ಮೇಲೆ ಬಂಬು ಯಾರಿಗೆ ಬೇಕು? ಈಗ ಕೆಲವರು ತಟ್ಟೆ, ಲೋಟ, ದೀಪ, ಹೂದಾನಿ ಮಾಡುತ್ತಾರೆ. ಆದರೆ ಕೆಲಸ ಅದೇ. ಅದಕ್ಕೆ ಮಠಾರಕಾಮ್ ಅನ್ನುತ್ತಾರೆ. ಪಾತ್ರೆಯನ್ನು ಕಬ್ಬಿಣದ ಗೂಟದ ಮೇಲೆ ತಿರುಗಿಸುತ್ತಾ ನುಣುಪು ಸುತ್ತಿಗೆಯಿಂದ ಒಂದೊಂದೇ ಪೆಟ್ಟು ಹಾಕುತ್ತಾ ಹೋಗುತ್ತಾರೆ. ಪ್ರತಿ ಪೆಟ್ಟಿಗೂ ಒಂದು ಹೊಳೆಯುವ ಗುಳಿ. ಅದು ಅಲಂಕಾರಕ್ಕೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಅಲ್ಲವಂತೆ. ತಾಮ್ರ ಮೆದು ಲೋಹ, ಪೆಟ್ಟು ತಿಂದಷ್ಟೂ ಗಟ್ಟಿಯಾಗುತ್ತದೆ. ಆ ಗುಳಿಗಳೇ ಪಾತ್ರೆಗೆ ಬಲ.

ಕೊಳ್ಳುವವರಿಗೆ ಒಂದು ಮಾತು. ಯಂತ್ರದಲ್ಲಿ ಒತ್ತಿದ ಗುಳಿಗಳು ಒಂದೇ ಅಳತೆ, ಒಂದೇ ಅಂತರ, ಎಲ್ಲೂ ತಪ್ಪಿಲ್ಲ. ಕೈಯಲ್ಲಿ ಬಡಿದದ್ದು ಸಾಲಾಗಿಯೇ ಇರುತ್ತದೆ, ಆದರೆ ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಹತ್ತಿರುತ್ತದೆ. ಬೆರಳಿಟ್ಟು ಸವರಿದರೆ ಗೊತ್ತಾಗುತ್ತದೆ. ಬೆಲೆ ತೂಕದ ಲೆಕ್ಕ, ಜೊತೆಗೆ ಮಜೂರಿ. ಆ ಮಜೂರಿಯಲ್ಲಿ ಚೌಕಾಸಿ ಮಾಡಬೇಡಿ. ಒಂದು ತಂಬಿಗೆಗೆ ಎಷ್ಟು ಪೆಟ್ಟು ಅಂತ ಎದುರಿಗೆ ನಿಂತು ಎಣಿಸಲು ಹೋಗಿ ನಾನು ಮುನ್ನೂರಕ್ಕೇ ಕೈಬಿಟ್ಟೆ.

ನಾನು ಅಲ್ಲಿಗೆ ಹೋದದ್ದು ಅಜ್ಜಿಯ ಹಂಡೆ ಹಿಡಿದುಕೊಂಡು. ಊರಿನ ಅಟ್ಟದ ಮೇಲಿತ್ತು. ಒಂದು ಕಡೆ ನೆಗ್ಗಿತ್ತು, ಒಳಗೆಲ್ಲ ಕಪ್ಪು. ಹಳೆಯ ಕೌದಿಯಲ್ಲಿ ಸುತ್ತಿ ರಾತ್ರಿ ಬಸ್ಸಿನಲ್ಲಿ ತಂದಿದ್ದೆ. ಬಾಲ್ಕನಿಯಲ್ಲಿಟ್ಟು ಒಂದು ದೊಡ್ಡ ಗಿಡ ಹಾಕುವ ಆಸೆ. ಅಂಥ ಫೋಟೋ ಎಷ್ಟು ನೋಡಿಲ್ಲ ನಾವು, ಅಲ್ವಾ? ಓಣಿಯ ಒಬ್ಬ ವಯಸ್ಸಾದ ಕೆಲಸಗಾರರು ಹಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು. ಆಮೇಲೆ ಏನು ಮಾಡುತ್ತೀರಿ ಇದನ್ನು ಅಂದರು. ಗಿಡ ಅಂದೆ. ನೀರು ಹೋಗಲು ತಳಕ್ಕೆ ತೂತು ಹಾಕಿಸುತ್ತೀರಾ ಅಂದರು. ಹೌದು ಅಂದೆ.

ಅವರು ಸುತ್ತಿಗೆ ಕೆಳಗಿಟ್ಟರು. ನೆಗ್ಗಿದ್ದನ್ನು ಎತ್ತಬಹುದು, ಕಪ್ಪಾದದ್ದನ್ನು ಬೆಳಗಬಹುದು, ಕಲಾಯಿ ಹೋದರೆ ಮತ್ತೆ ಹಾಕಬಹುದು. ತೂತು ಹಾಕಿದರೆ ಮತ್ತೆ ಹಂಡೆ ಆಗುವುದಿಲ್ಲ. ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿ ಹಾಕಿ, ಆ ಕುಂಡವನ್ನು ಹಂಡೆಯೊಳಗಿಡಿ. ಇಷ್ಟೇ ಅವರು ಹೇಳಿದ್ದು, ಮರಾಠಿಯಲ್ಲಿ, ಸಮಾಧಾನವಾಗಿ.

ಅದು ನನಗೆ ದಾರಿ ತೋರಿಸಿದ ಮಾತು. ಹಳೆಯದನ್ನು ಹೊಸ ಕೆಲಸಕ್ಕೆ ಹಚ್ಚಬಹುದು. ಆದರೆ ಅದು ಬೇಕಾದಾಗ ತನ್ನ ಹಳೆ ಕೆಲಸಕ್ಕೆ ಮರಳುವ ಹಾಗಿರಬೇಕು. ಅಂದಿನಿಂದ ಅಂಗಡಿಯಲ್ಲಿ ಏನೇ ನೋಡಿದರೂ ಮೊದಲು ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹಲಗೆಗೆ ಮೊಳೆ ಹೊಡೆದು ಗಡಿಯಾರ ಮಾಡಿದ ಹಿತ್ತಾಳೆ ಪರಾತ, ಕೊರೆದು ಬಲ್ಬು ಹಾಕಿದ ಕೊಡ, ಅರ್ಧಕ್ಕೆ ಕತ್ತರಿಸಿ ಗೋಡೆಗೆ ಹಚ್ಚಿದ ಬಂಬು, ಇವೆಲ್ಲ ನೋಡಲು ಚೆನ್ನಾಗಿವೆ. ನನಗೆ ಬೇಡ.

ಅಂದು ಹಂಡೆಗೆ ಕಲಾಯಿಯನ್ನೂ ಹಾಕಿಸಿದೆ. ಬಿಸಿ ತಾಮ್ರದ ಮೇಲೆ ನವಸಾಗರದ ಪುಡಿ ಬಿದ್ದಾಗ ಬಿಳಿ ಹೊಗೆ ಏಳುತ್ತದೆ. ತವರ ಕರಗಿ ಹತ್ತಿಯ ಉಂಡೆಯ ಹಿಂದೆ ಬೆಳ್ಳಿಯ ಹಾಗೆ ಓಡುತ್ತದೆ. ಚಿಕ್ಕವಳಿದ್ದಾಗ ಕಲಾಯಿಯವನು ಓಣಿಗೆ ಬಂದರೆ ನಾವು ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು. ಆ ಘಾಟು ವಾಸನೆ ಮೂಗಿಗೆ ಬಂದಾಗ ಅಷ್ಟೂ ನೆನಪಾಯಿತು.

ಉಳಿದ ಓಣಿಗಳ ಬಗ್ಗೆ ಸ್ವಲ್ಪದರಲ್ಲೇ ಹೇಳುತ್ತೇನೆ. ಬುರುಡ ಆಳಿಯಲ್ಲಿ ಬಿದಿರಿನ ಮೊರ, ಬುಟ್ಟಿ. ನಮ್ಮಲ್ಲಿ ಮೇದಾರರು ಮಾಡುವ ಕೆಲಸ. ಒಂದು ಅಗಲ ಬುಟ್ಟಿ ತಂದು ಈರುಳ್ಳಿಗೆ ಇಟ್ಟಿದ್ದೇನೆ, ಗಾಳಿಯಾಡಿ ಕೊಳೆಯುವುದಿಲ್ಲ. ತುಳಶಿಬಾಗ್‌ನಲ್ಲಿ ಪೇಶ್ವೆಯರ ಕಾಲದ ರಾಮನ ಗುಡಿ, ಅದರ ಸುತ್ತ ಬಳೆ, ನತ್ತು, ಪಾತ್ರೆ, ಮಕ್ಕಳ ಆಟದ ಪುಟ್ಟ ಅಡುಗೆ ಸಾಮಾನು. ಹಬ್ಬ ಹತ್ತಿರವಿದ್ದಾಗ ಅಲ್ಲಿಗೆ ಹೋಗಬೇಡಿ, ಏನನ್ನೂ ನೆಟ್ಟಗೆ ನೋಡಲಾಗುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ. ಹಳೆಯ ಪೇಟೆಯ ಎಷ್ಟೋ ಅಂಗಡಿಗಳು ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕಕ್ಕೇ.

ಜುನಾ ಬಜಾರ್ ಮಾತ್ರ ಬೇರೆಯೇ ಲೋಕ. ಬುಧವಾರ ಮತ್ತು ಭಾನುವಾರ ನಡೆಯುತ್ತದೆ. ರಸ್ತೆಯ ಬದಿ ಹಾಸಿದ ತಾಡಪತ್ರಿಯ ಮೇಲೆ ಬೀಗ, ನಾಣ್ಯ, ತುಕ್ಕು ಹಿಡಿದ ಸ್ಪ್ಯಾನರ್, ಹಿತ್ತಾಳೆ ದೀಪ ಎಲ್ಲ ಒಟ್ಟಿಗೆ. ಅಲ್ಲಿ ನನಗೆ ಹಿತ್ತಾಳೆ ಹಿಡಿಯ ಒಂದು ಅಡಕೊತ್ತು, ಅಂದರೆ ಅಡಕತ್ತರಿ, ಸಿಕ್ಕಿತು. ಬೆಲೆ ಕೇಳಲು ಬಾಯಿ ತೆರೆದೆ. ಮರಾಠಿಯಲ್ಲಿ ಇದಕ್ಕೆ ಏನನ್ನುತ್ತಾರೋ ಗೊತ್ತಿರಲಿಲ್ಲ. ಮಾರುವವನೇ ಹೇಳಿದ, "ಅಡಕಿತ್ತಾ." ನನಗೆ ಮೈ ಜುಂ ಅಂದಿತು. ನಮ್ಮ ಅಡಕೊತ್ತು ಮರಾಠಿ ಮನೆಗೆ ಹೋಗಿ ಅಡಕಿತ್ತಾ ಆಗಿದೆ. ನಮ್ಮ ತುಪ್ಪ ಅಲ್ಲಿ ತೂಪ್ ಆದ ಹಾಗೆ. 16 ವರ್ಷ ಈ ಊರಲ್ಲಿ ಪರಭಾಷೆಯವಳು ಅಂದುಕೊಂಡು ತಿರುಗಿದ್ದೇನೆ. ನನಗಿಂತ ಎಷ್ಟೋ ಮೊದಲೇ ನಮ್ಮ ಮನೆಯ ಸಾಮಾನು ಹೆಸರು ಸಮೇತ ಇಲ್ಲಿಗೆ ಬಂದು ನೆಲೆ ನಿಂತಿದೆ.

ಇಳಕಲ್ ಸೀರೆಯೂ ಹಾಗೇ. ಇಲ್ಲಿ ಅದಕ್ಕೆ ಇರಕಲ್ ಅನ್ನುತ್ತಾರೆ. ಪುಣೆಯ ಕನ್ನಡದವರು ರಾಜ್ಯೋತ್ಸವಕ್ಕೆ ಸೇರಿದಾಗ ಸಾಲಾಗಿ ಕೂತ ಇಳಕಲ್‌ಗಳನ್ನು ನೋಡುವುದೇ ಒಂದು ಹಬ್ಬ. ಕೆಂಪು ಸೆರಗು, ಅದರಲ್ಲಿ ಬಿಳಿ ತೆನೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸಿ ಆಮೇಲೆ ನೇಯುತ್ತಾರೆ. ಸೆರಗು ಸೇರುವ ಜಾಗದಲ್ಲಿ ಬೆರಳಾಡಿಸಿದರೆ ಆ ಜೋಡಣೆ ತಾಗುತ್ತದೆ. ನಕಲಿಯಲ್ಲಿ ಅದು ಇರುವುದಿಲ್ಲ. ಧಾರವಾಡದ ನನ್ನ ಗೆಳತಿಯೊಬ್ಬಳು ಇಲ್ಲೇ ಕಸೂತಿ ಹಾಕುತ್ತಾಳೆ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿಯೇ ಗವಂತಿ, ಮುರ್ಗಿ ಹೊಲಿಗೆ ಹಾಕುತ್ತಾಳೆ. ತಿರುಗಿಸಿ ನೋಡಿದರೆ ಹಿಂದೆಯೂ ಮುಂದಿನಷ್ಟೇ ಚೊಕ್ಕ, ಒಂದು ಗಂಟು ಕಾಣುವುದಿಲ್ಲ. ಕಸೂತಿಯ ಚಿತ್ರವನ್ನು ಅಚ್ಚು ಹಾಕಿ ಮಾರುವ ಸೀರೆಗಳು ಈಗ ಜಾಸ್ತಿ. ಕೊಳ್ಳುವ ಮೊದಲು ಸುಮ್ನೆ ಒಮ್ಮೆ ಹಿಂಬದಿ ನೋಡಿ.

ಖಣದ್ದೇ ಪೂರ್ತಿ ಸೀರೆಗಳೂ ಬಂದಿವೆ. ಗಣಪತಿ ಹಬ್ಬದಲ್ಲಿ ಢೋಲು ಬಾರಿಸುವ ಹುಡುಗಿಯರು ಉಟ್ಟು ಬರುತ್ತಾರೆ, ಅವರ ಮೈಮೇಲೆ ಚೆಂದವೇ. ಆದರೆ ನನ್ನ ಕಣ್ಣಿಗೆ ಖಣ ಸ್ವಲ್ಪವೇ ಇದ್ದರೆ ಹೆಚ್ಚು ಬೆಳಗುತ್ತದೆ. ಸಾದಾ ಹತ್ತಿ ಸೀರೆ, ಅದಕ್ಕೊಂದು ಖಣದ ಕುಬಸ. ಅಜ್ಜಿ ಉಟ್ಟ ಹಾಗೆ.

ಕಳೆದ ವರ್ಷ ನಾನೊಂದು ತಪ್ಪು ಮಾಡಿದೆ. ಬಾಲ್ಕನಿಯ ಬಾಗಿಲಿಗೆ ಪರದೆ ಬೇಕಿತ್ತು. ಫೋನಿನಲ್ಲಿ ನೋಡಿ ಖಣದ ಪರದೆ ತರಿಸಿದೆ. ಕೂರುವ ದಿಂಬಲ್ಲ, ತೂಗುವ ಪರದೆ, ಅವ್ವನಿಗೂ ಒಪ್ಪಿಗೆಯಾಗಬಹುದು ಅನ್ನುವ ಲೆಕ್ಕ. ಕೈಗೆ ಬಂದಾಗಲೇ ಏನೋ ಜಾರಿದ ಹಾಗಿತ್ತು. ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದೆ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ. ಇದು ಕರಗಿ ಗಟ್ಟಿ ಮಣಿಯಾಯಿತು. ಪೂರ್ತಿ ಪಾಲಿಯೆಸ್ಟರ್. ಮಾರಿದವರು ಕೈಮಗ್ಗ ಅಂತ ಬರೆದಿದ್ದರು. ವಾಪಸು ತೆಗೆದುಕೊಳ್ಳಲಿಲ್ಲ. ನನಗೆ ಬೇಸರವಾದದ್ದು ದುಡ್ಡಿಗಲ್ಲ. ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕೂತವರ ಹೆಸರಿನಲ್ಲಿ ಇದನ್ನು ಮಾರುತ್ತಾರಲ್ಲ, ಅದಕ್ಕೆ.

ಅವ್ವನಿಗೆ ಫೋನಿನಲ್ಲಿ ಪರದೆಯ ವಿಷಯವೆಲ್ಲ ಹೇಳಿದೆ. ಆಕೆ ಸುಮ್ಮನೆ ಕೇಳಿಸಿಕೊಂಡಳು. ಈ ಸಲ ಯುಗಾದಿಗೆ ಬಂದಾಗ ಅವಳ ಕೈಯಲ್ಲಿ ಹಳೆಯ ತಗಡಿನ ಟ್ರಂಕು ಇತ್ತು.

ಟ್ರಂಕಿನ ತುಂಬ ಖಣ. ಉಡಿಯಲ್ಲಿ ಬಂದದ್ದು, 40 ವರ್ಷದ್ದು. ಹೆಣ್ಣುಮಕ್ಕಳಿಗೆ ಗೊತ್ತು, ಉಡಿಯ ಖಣ ಎಲ್ಲವನ್ನೂ ಯಾರೂ ಹೊಲಿಸುವುದಿಲ್ಲ. ಒಬ್ಬರು ಕೊಟ್ಟದ್ದು ಇನ್ನೊಬ್ಬರ ಉಡಿಗೆ ಹೋಗುತ್ತದೆ. ಹಾಗೆ ಹೋಗದೆ ಉಳಿದವು ಇವು. ಅವ್ವ ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ಎರಡು ಗುಂಪು ಮಾಡಿದಳು. ದೀಪ ಬೇಕಾಗಲಿಲ್ಲ, ಎಳೆ ಕೀಳಬೇಕಾಗಲಿಲ್ಲ. ಇತ್ತೀಚಿನವು ಬಹಳಷ್ಟು ಪಾಲಿಯೆಸ್ಟರ್. ಹಳೆಯವು ನಿಜವಾದವು. ಅವುಗಳಲ್ಲೂ ಹುಳ ತಿಂದದ್ದು, ಮಡಿಕೆಯಲ್ಲೇ ಹರಿದದ್ದು ಬಿಟ್ಟರೆ ಉಳಿದದ್ದು 11.

"ಪರದೆ ಮಾಡೂಣು. ಆದರ ಕತ್ತರಿ ಹಚ್ಚಬಾರದು," ಅಂದಳು.

ನಾನು ಆಕೆಗೆ ಹಂಡೆಯ ಕತೆ ಹೇಳಿರಲಿಲ್ಲ.

ನಾಲ್ಕು ದಿನ ಕೂತು ಹೊಲಿದೆವು. ಇಡೀ ಖಣಗಳನ್ನು ಅಂಚಿಗೆ ಅಂಚು ಇಟ್ಟು, ಕೌದಿಗೆ ಹಾಕುವಂಥ ಉದ್ದನೆಯ ಹೊಲಿಗೆ. ಒಂದು ದಾರ ಎಳೆದರೆ ಎಲ್ಲ ಬಿಚ್ಚಿಕೊಂಡು ಮತ್ತೆ ಉಡಿಗೆ ಹೋಗಲು ತಯಾರು. ಪಡುವಣ ಬಿಸಿಲಿಗೆ ಬಣ್ಣ ಹೋಗುತ್ತದೆ ಅಂತ ಹಿಂದೆ ಬಿಳಿ ಮಲ್‌ಮಲ್ ಹಚ್ಚಿದೆವು. ಎರಡು ಪರದೆ, ಒಂದೊಂದಕ್ಕೆ ಅಡ್ಡ ಎರಡು, ಉದ್ದ ಮೂರು. ಹೊಲಿಯುತ್ತಾ ಅವ್ವ ಹೇಳುತ್ತಾ ಹೋದಳು. ಈ ಹಸಿರು ನಿನ್ನ ದೊಡ್ಡಮ್ಮನ ಕುಬಸದಾಗ ಬಂದದ್ದು. ಈ ನೇರಳೆ ಬನಶಂಕರಿ ಜಾತ್ರೆಗೆ ಹೋದಾಗ. ಇದು ನೀ ಹುಟ್ಟಿದಾಗ. ಇದು ನಿಮ್ಮಜ್ಜಿ ಕೊಟ್ಟ ಕಡೀದು. ಒಂದು ಕಪ್ಪು ಅಂಚಿನದ್ದನ್ನು ಮಾತ್ರ ಹೆಸರು ಹೇಳದೆ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ನಾನೂ ಕೇಳಲಿಲ್ಲ.

ಲೆಕ್ಕ ಹಾಕಿದರೆ 12 ಬೇಕು. ಬಲಗಡೆಯ ಪರದೆಯ ಕೆಳಗಿನ ಮೂಲೆಗೆ ಒಂದು ಕಡಿಮೆ ಬಿತ್ತು. ನಾನು ಗಾಡಿಯ ಕೀಲಿ ತೆಗೆದುಕೊಂಡೆ. ಲಕ್ಷ್ಮೀ ರಸ್ತೆಗೆ ಅರ್ಧ ಗಂಟೆ, ಒಳ್ಳೆಯ ಖಣ ಇಟ್ಟಿರುವ ಒಂದು ಅಂಗಡಿ ಈಗ ನನಗೆ ಗೊತ್ತು, ತಂದುಬಿಡುತ್ತೇನೆ ಅಂದೆ. ಅವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಕೊಂಡದ್ದು ಬ್ಯಾಡ. ತಂಗೀದು ಏಳನೇ ತಿಂಗಳಾಗ ಕುಬಸ ಐತಿ. ನಿನಗೂ ಉಡಿ ತುಂಬತಾರ."

ಪರದೆ ಹಾಗೇ ತೂಗುತ್ತಿದೆ. ಸಂಜೆ ಐದರ ಬಿಸಿಲು ಬಂದಾಗ 11 ಖಣಗಳೂ ನೆಲದ ಮೇಲೆ ಬಣ್ಣ ಚೆಲ್ಲುತ್ತವೆ. ಬಲಗಡೆಯ ಕೆಳಮೂಲೆಯಲ್ಲಿ ಬರೀ ಮಲ್‌ಮಲ್, ಅಲ್ಲಿಂದ ಬಿಳಿ ಬೆಳಕು ಒಳಗೆ ಬೀಳುತ್ತದೆ. ತಂಗಿಗೆ ಈಗ ಐದು ತಿಂಗಳು.